ಟಿವಿಗೊಂದು ಗೋಡೆ

ಮುತ್ತಿನಕೊಪ್ಪದ ಹೊಸ ಮನೆಯ ಗೋಡೆಗೆ ಗಾರೆ ಹಾಕುವ ಮೊದಲೇ ಟಿವಿ, ಸ್ಪೀಕರುಗಳ ವೈರಿಗೆ ಪೈಪು ಹೂಳಬೇಕಿತ್ತು. ಎಲೆಕ್ಟ್ರಿಷಿಯನ್ ಉಜ್ವಲ್ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ.

"ಒಂದು ಸ್ಪೀಕರು ಇವ್ರ ಬಲಗಿವಿ ಹತ್ರಾನೇ ಬರ್ಲಿ ಮಾರಾಯ. ಎಡಗಿವಿ ಕೇಳಲ್ಲ" ಅಂದಳು ದಾಕ್ಷಾಯಿಣಿ.

ಮೂರು ವರ್ಷದಿಂದ ಅದನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಪರಮೇಶ್ವರಪ್ಪ ರೇಗಿದ. "ಯಾರು ಹೇಳಿದ್ದು ನಿಂಗೆ?"

"ಬಸ್ಸಲ್ಲಿ ಎಡಗಡೆ ಕಿಟಕಿ ಸೀಟು ನಿಮ್ಗೆ ಬಿಟ್ಟು ನಾನು ಈಚೆ ಕೂರೋದು ಮತ್ತೆ ಎಂತಕ್ಕೆ?"

ಕಿಟಕಿಯೆಂದರೆ ಪ್ರಾಣ ಬಿಡುತ್ತಿದ್ದವಳಿಗೆ ಈಚೆಗೆ ಗಾಳಿ ಆಗಿಬರುವುದಿಲ್ಲವೇನೋ ಎಂದುಕೊಂಡಿದ್ದ ಅವನು. ಗೋಡೆಯ ಗುರುತನ್ನೆಲ್ಲ ಅಂಗೈಯಿಂದ ಒರೆಸಿದ.

"ಟಿವಿ ಎದುರುಗಡೆ ಗೋಡೆಗೆ ಹಾಕು ಉಜ್ವಲ್. ಆವಾಗ ಈ ಕೋಣೆ ಕಿಟಕಿ ನನ್ನ ಬಲಗಡೆ, ಇವಳು ಕೂರೋ ಕಡೆ ಬರ್ತದೆ."