ನೆರಳು ಲಾಡ್ಜಿನ ಎತ್ತರದ ಕಟ್ಟೆ

ಸಿಂಧನೂರಿನ ನೆರಳು ಲಾಡ್ಜನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕಟ್ಟಿದೆ, ಅದೂ ಎಡಗೈಯಿಂದ. ಬಲಗೈಯಲ್ಲಿ ಚಹಾದ ಕಪ್ಪಿತ್ತು. ಕೆಲಸ ಮುಗಿದಾಗಲೂ ಚಹಾ ಬಿಸಿಯಾಗಿಯೇ ಇತ್ತು. ಮುದಗಲ್ ಕೋಟೆಯ ಕಲ್ಲುಗಳು ಇವತ್ತಿಗೂ ಈ ಗೌಂಡಿ ಗೌಸ್‌ಸಾಬ್ ಬಂದನೆಂದರೆ ಎದ್ದು ಸಲಾಮು ಹೊಡೆಯುತ್ತವೆ.

ಆ ಲಾಡ್ಜಿನ ಹೆಚ್ಚುಗಾರಿಕೆ ಅದರ ಮುಂದಿನ ಕಟ್ಟೆ. ಎದೆಮಟ್ಟದ ಎತ್ತರ, ಏಣಿಯಂಥ ಮೆಟ್ಟಿಲು ಹತ್ತಿಯೇ ರೂಮು ಸೇರಬೇಕು. ರಾಯಚೂರಿನ ಅಮರೇಶ್ವರಿಯವರು ಅದನ್ನು ಕೊಂಡ ಮೇಲೆ, ರಸ್ತೆಗುಂಟ ಊರೂರಿಗೂ ಅಂಥದ್ದೇ ಇರಲೆಂದು ಲಿಂಗಸುಗೂರಿನಲ್ಲಿ ನನ್ನಿಂದಲೇ ಎರಡನೆಯದನ್ನು ಕಟ್ಟಿಸಿದರು, ಕಟ್ಟೆ ಸಮೇತ. ಇನ್ನು ಮೂರನೆಯದು, ಮಸ್ಕಿಯದು. ಅದು ಸಿಕ್ಕರೆ ನಾನು ಬರೀ ಗೌಂಡಿಯಲ್ಲ, ಗುತ್ತಿಗೆದಾರ!

ಲಿಂಗಸುಗೂರಿನ ಲಾಡ್ಜಿನ ಅಂಗಳದಲ್ಲಿ ಅವರು ಕೇಳಿದರು: "ಗೌಸ್‌ಸಾಬ್, ವಯಸ್ಸಾದವ್ರು ಈ ಕಟ್ಟಿ ನೋಡಿ ವಾಪಸ್ ಹೊಂಟಾರ. ಇಷ್ಟು ಎತ್ತರ ಯಾಕ? ಸರಿಯಾದ ಕಾರಣ ಹೇಳ್ರಿ, ಮಸ್ಕಿ ಗುತ್ತಿಗಿ ನಿಮ್ದ."

ಕಾರಣಗಳಿಗೇನು ಬರ? "ಹವಾ ರೀ ಅಕ್ಕಾರ, ಹವಾ! ಈ ಎತ್ತರಕ್ಕ ತುಂಗಭದ್ರಾದ ಗಾಳಿ ಸೀದಾ ಹಾಸಿಗಿಗೆ ಬರತೈತಿ. ಹಾವು ಹತ್ತಂಗಿಲ್ಲ. ಗಿರಾಕಿ ಬಾಗಲಾಗ ನಿಂತ್ರ ನವಾಬನಂಗ ಕಾಣ್ತಾನ. ನಿಜಾಮನ ಕಾಲದಿಂದ ನಮ್ಮ ಮನೆತನದಾಗ ಬಂದ ಕೈಚಳಕ ಇದು!"

ಅವರು ತಲೆದೂಗತೊಡಗಿದ್ದರು. ಅಷ್ಟರಲ್ಲಿ ಇನ್ನಷ್ಟು ಮಂಚ ಹೇರಿದ ಲಾರಿ ಬಂತು. ಡ್ರೈವರ್ ಗ್ಯಾನಪ್ಪ ನನ್ನ ಹಳೆಯ ಗೆಳೆಯ. ಯಾರನ್ನೂ ಕೇಳದೆ ರಿವರ್ಸ್ ಹಾಕಿ ಲಾರಿಯ ಹಿಂಬದಿಯನ್ನು ಕಟ್ಟೆಗೆ ತಾಗಿಸಿದ. ಲಾರಿಯ ನೆಲವೂ ಕಟ್ಟೆಯ ನೆಲವೂ ಒಂದೇ ಮಟ್ಟ! ಮಂಚಗಳು ಸರ್ರನೆ ಜಾರಿ ಒಳಗೆ ಹೋದವು.

"ಲೇ ಗೌಸ್ಯಾ, ಸಿಂಧನೂರಿನ ಲಾಡ್ಜು ಅಕ್ಕಿ ಗಿರಣಿ ಗೋದಾಮು ಇದ್ದಾಗ ಭತ್ತದ ಚೀಲ ಹಿಂಗ ಇಳಸ್ತಿದ್ವಿ ನೋಡಲೇ! ಇಲ್ಲಿ ಯಾವ ಭತ್ತಕ್ಕ ಕಟ್ಟೀಯೋ?"

ಅಮರೇಶ್ವರಿಯವರು ನನ್ನತ್ತ ತಿರುಗಿದರು. "ಎಲ್ಲಿ ಹೋದ್ನಪಾ ನಿಮ್ಮ ನವಾಬ?"

ಹಿಂದೆ ಸರಿಯಲು ನೋಡಿದೆ. ಬೆನ್ನಿಗೆ ನನ್ನದೇ ಕಟ್ಟೆ ಬಡಿಯಿತು.

"ಖರೇ ಹೇಳ್ತೀನ್ರೀ. ಸಿಂಧನೂರಿಂದು ನಾ ಕಟ್ಟಿದ್ದಲ್ಲ. ಗೋದಾಮಿನ ಗ್ವಾಡಿ ಒಡದು ಕಿಟಕಿ ಕೂಡ್ಸಿ ಸುಣ್ಣ ಬಳದೀನಿ, ಅಷ್ಟ. ಕಟ್ಟಿ ಯಾಕಂತ ಹೇಳಿದ್ರ ನನ್ನ ಬಡಾಯಿ ಬಯಲಾಗತಿತ್ತು, ಅದಕ್ಕ ಇಲ್ಲೂ ಕಟ್ಟಿಬಿಟ್ಟೆ. ಮಸ್ಕಿಗೆ ಬ್ಯಾಡ್ರೀ."

"ಮೊದಲು ಇದನ್ನ ಒಡದು ಇಳಿಜಾರು ಮಾಡ್ರಿ," ಎಂದರು ಅವರು. "ಆಮ್ಯಾಲ ಮಸ್ಕಿ ಮಾತು."

ಒಪ್ಪಿಕೊಂಡೆ. ಎರಡೂ ಕೈಯಿಂದ ಒಡೆಯಬೇಕು. ಮತ್ತೆ ಆ ಚಹಾ? ಹೇಳಿಯೇಬಿಡುತ್ತೇನೆ, ಅದೂ ಆರಿಹೋಗಿತ್ತು.