ಸತ್ತವಳ ಹೆಸರಿನ ಊಟ

"ಹೊರಗ ಹಣಿಕಿ ಹಾಕಬ್ಯಾಡ ಅಂತ ಎಷ್ಟ ಸಲ ಬೊಗಳ್ಬೇಕಲೇ ನಿನಗ? ಪಾಲಕರು ನೋಡಿದ್ರ ನನ್ನ ಸಾಲಿಗೆ ಕೀಲಿ ಬೀಳ್ತದ, ಹಲ್ಕಟ್ ರಂಡಿ!"

ಬಾಗಿಲಲ್ಲಿ ನಿಂತು ಒದರುತ್ತಿದ್ದವನು ಶಿವರಾಜಪ್ಪ, ಬೀದರಿನ ಆ ಚಿಕ್ಕಮಕ್ಕಳ ಶಾಲೆಯ ಮಾಲೀಕ. ಸಖುಬಾಯಿ ತಲೆ ಎತ್ತಲಿಲ್ಲ. ಪಾಲಕ್ ಅರೆದು ಕಲಸಿದ ಹಿಟ್ಟು ಲಟ್ಟಿಸಿ, ಸ್ಟೀಲ್ ಲೋಟ ಒತ್ತಿ ಪುಟ್ಟ ಪುಟ್ಟ ಚಪಾತಿ ಮಾಡುತ್ತಿದ್ದಳು. ಒಂದೊಂದಕ್ಕೂ ಗಜ್ಜರಿಯ ಮೂಗು, ಒಣದ್ರಾಕ್ಷಿಯ ಕಣ್ಣು, ಬೀಟ್‌ರೂಟಿನ ಬಾಯಿ. ಪಕ್ಕದಲ್ಲಿ ಹೆಸರುಕಾಳಿನ ಉಂಡೆ. ಸೊಪ್ಪೆಂದರೆ ಮುಖ ತಿರುಗಿಸುವ ಮೂರು ವರ್ಷದ ಕೂಸುಗಳು ಇವನ್ನು ಮೂಗಿನಿಂದ ಶುರುಮಾಡಿ ಚೂರೂ ಬಿಡದೆ ತಿನ್ನುತ್ತಿದ್ದವು.

ಶಾಲೆ ನಡೆಯುತ್ತಿದ್ದುದೇ ಊಟದ ಹೆಸರಿನಲ್ಲಿ. 'ಅನುಸೂಯಾಬಾಯಿಯವರ ಕೈಯಡುಗೆ, ಶರಣರ ಮನೆಯ ಶುಚಿ ಊಟ' ಎಂದು ಗೇಟಿನ ಮೇಲೆ ದೊಡ್ಡ ಬೋರ್ಡು. ಆ ಅನುಸೂಯಾಬಾಯಿ ಬೇಸಿಗೆ ರಜೆಯಲ್ಲಿ ತೀರಿಹೋಗಿದ್ದಳು. ಹಿತ್ತಲಿನ ಅಡುಗೆಮನೆಯಿಂದ ಎಂದೂ ಹೊರಬಾರದವಳ ಮುಖವನ್ನು ಪಾಲಕರು ಯಾರೂ ಕಂಡಿರಲಿಲ್ಲ. ಬೋರ್ಡು ಇಳಿಸಿದರೆ ಶಾಲೆಯೂ ಖಾಲಿಯಾದೀತೆಂದು ಶಿವರಾಜಪ್ಪನಿಗೆ ಹೆದರಿಕೆ. ಮನ್ನಳ್ಳಿಯ ಮಾದರ ಓಣಿಯಿಂದ ಕಸಗುಡಿಸಲು ಬರುತ್ತಿದ್ದ ಸಖುಬಾಯಿಯನ್ನೇ ಒಲೆಯ ಮುಂದೆ ನಿಲ್ಲಿಸಿ, ಅವಳ ಹೆಸರನ್ನೂ ಅನುಸೂಯಾಬಾಯಿ ಎಂದು ಬದಲಿಸಿಬಿಟ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಗೋಡೆಯ ಮೊಳೆಗೆ ಸತ್ತವಳ ಸೀರೆ ಇನ್ನೂ ನೇತಾಡುತ್ತಿತ್ತು. ಗೂಡಿನಲ್ಲಿ ಆಕೆಯ ವಿಭೂತಿ ಗಟ್ಟಿ. ಕುಕ್ಕರಿನ ಸೀಟಿ ನಿಂತೊಡನೆ ಬೆನ್ನ ಹಿಂದೆ ಬಳೆ ಸದ್ದಾದಂತಾಗಿ ಸಖುಬಾಯಿ ತಿರುಗುವಳು. ಯಾರೂ ಇರುತ್ತಿರಲಿಲ್ಲ, ಸೀರೆಯ ಸೆರಗು ಅಲುಗುತ್ತಿರುತ್ತಿತ್ತು.

"ಆಯಿ, ನಿನ್ನ ಹೆಸರ ನಾ ಕದ್ದಿಲ್ಲ. ಇವ್ರೇ ಹೊರಿಸ್ಯಾರ," ಎಂದು ದಿನವೂ ಬೇಡಿಕೊಳ್ಳುವಳು. ಈಗೀಗ ಅದಕ್ಕಿಂತ ದೊಡ್ಡ ಹೆದರಿಕೆ ಹೊಕ್ಕಿತ್ತು. ಓಣಿಯಲ್ಲಿ ಯಾರಾದರೂ 'ಸಖೂ' ಎಂದು ಕೂಗಿದರೆ ಅವಳಿಗೆ ಓಗೊಡಲು ಹೊಳೆಯುತ್ತಲೇ ಇರಲಿಲ್ಲ.

"ಇವತ್ತ ಪಾಲಕರು ಮಕ್ಕಳ ಜೋಡಿ ಉಣ್ಲಾಕ ಬರ್ತಾರ. ಅನುಸೂಯಾಬಾಯಿಗೆ ಕೈ ಮುಗೀಬೇಕಂತ," ಶಿವರಾಜಪ್ಪ ದನಿ ತಗ್ಗಿಸಿದ. "ಆ ಸೀರಿ ಉಟ್ಗೊ. ಹಣಿಗೆ ಈಬತ್ತಿ ಹಚ್ಕೊ. ಸುಮ್ನ ಕೈ ಮುಗದು ಒಳಗ ಬಾ. ಬಾಯಿ ಬಿಟ್ಟಿ ಅಂದ್ರ ನಾಳಿಂದ ಬರಬ್ಯಾಡ. ನಿನ್ನ ಪೋರಿಗಿ ಸಾಮಾನ ಖೋಲಿಯಾಗ ಕೂಡಿ ಹಾಕು."

"ಆಕಿಗೂ ಒಂದ ತಾಟ ಹಚ್ಚಲೇನ್ರಿ ಸರ? ಮುಂಜಾನಿಂದ ಏನೂ ತಿಂದಿಲ್ರಿ."

"ಎಲ್ಲಾರು ಉಂಡ ಮ್ಯಾಲ ಉಳದ್ರ ನೋಡೋಣು."

ಸತ್ತವಳ ಸೀರೆ ಉಟ್ಟು, ವಿಭೂತಿ ಬಳಿದುಕೊಂಡು ಸಖುಬಾಯಿ ಒಲೆಯ ಪಕ್ಕ ಕುಳಿತಿದ್ದ ನಾಲ್ಕು ವರ್ಷದ ಮಗಳು ಸಪನಾಳ ಕೈ ಹಿಡಿದಳು. ಮಗು ಅವಳನ್ನೇ ದಿಟ್ಟಿಸಿತು.

"ಅನುಸೂಯಾ ಆಯಿ, ನನಗ ಹಸಿವ್ಯಾಗ್ಯದ."

"ಏ, ನಾ ನಿಮ್ಮವ್ವ ಇದ್ದೀನಿ!"

"ಇಲ್ಲಿ ಅವ್ವ ಅನಬ್ಯಾಡ ಅಂತ ನೀನೇ ಹೇಳಿದಿಯಲ್ಲ?"

ಸಾಮಾನಿನ ಕೋಣೆಯ ಬಾಗಿಲು ತೆರೆದಿತ್ತು. ಸಖುಬಾಯಿ ಅತ್ತ ಹೋಗದೆ ಮಗಳೊಂದಿಗೆ ಊಟದ ಸಾಲಿನತ್ತ ನಡೆದಳು.

ಬಸವಣ್ಣನ ದೊಡ್ಡ ಪಟದ ಕೆಳಗೆ ಮಕ್ಕಳೂ ಪಾಲಕರೂ ಸಾಲಾಗಿ ಉಣ್ಣಲು ಕುಳಿತಿದ್ದರು. ಸೌಂದರ್ಯಾ ಎಂಬ ಹುಡುಗಿಯ ತಾಯಿ ಎದ್ದು ಬಂದು ಕಾಲಿಗೆ ಬಾಗಿದಳು. "ನಮ್ಮ ಕೂಸು ಮನ್ಯಾಗ ಸೊಪ್ಪ ಮುಟ್ಟಂಗಿಲ್ರಿ ಆಯಿ. ನಿಮ್ಮ ಕೈಯಾಗಿಂದು ಪ್ರಸಾದ ಅದ ನೋಡ್ರಿ."

ಸಖುಬಾಯಿ ಕಾಲು ಹಿಂದೆಗೆದಳು. ಅದೇ ಸೀರೆಯ ಸೆರಗಿನಿಂದ ಹಣೆಯ ವಿಭೂತಿ ಒರೆಸಿಕೊಂಡಳು.

"ಅನುಸೂಯಾಬಾಯಿ ಬ್ಯಾಸಿಗ್ಯಾಗೇ ಸತ್ತಾಳ್ರಿ. ನಾ ಮನ್ನಳ್ಳಿ ಮಾದರ ಓಣಿ ಸಖುಬಾಯಿ. ಜೂನದಿಂದ ನಿಮ್ಮ ಮಕ್ಕಳಿಗೆ ನಾನೇ ಮಾಡಿ ಹಾಕೀನಿ. ಈಕಿ ನನ್ನ ಮಗಳು."

ಸಪನಾಳನ್ನು ಸೌಂದರ್ಯಾಳ ಮಗ್ಗುಲಿಗೆ ಕೂರಿಸಿ ತಾಟು ಇಟ್ಟಳು.

ಮೊದಲು ಚೀರಿದವಳು ಸೌಂದರ್ಯಾಳ ತಾಯಿ. ಓಡಿಹೋಗಿ ಮಗಳ ಗದ್ದ ಹಿಡಿದು ಬಾಯಿಗೆ ಬೆರಳು ತುರುಕಿದಳು. "ಉಗುಳ! ಉಗುಳ ಅಂದ್ರ!" ಹುಡುಗಿ ಬೆರಳನ್ನು ಕಚ್ಚಿ ಹಿಡಿದಳು. ಬಿಡಲಿಲ್ಲ. ತಿನ್ನುವುದು ಇನ್ನೂ ಮುಗಿದಿರಲಿಲ್ಲ.

ಸಪನಾ ಗಜ್ಜರಿಯ ಮೂಗು ಕಿತ್ತು ಬಾಯಿಗಿಟ್ಟುಕೊಂಡಳು. "ಅವ್ವಾ, ಇನ್ನೊಂದ ಹಾಕು," ಎಂದಳು.

ಖಾಲಿ ಅಡುಗೆಮನೆಯಲ್ಲಿ ಬಳೆ ಸದ್ದಾಯಿತು. ಸಖುಬಾಯಿ ತಿರುಗಿ ನೋಡದೆ ಮಗಳ ತಾಟಿಗೆ ಇನ್ನೊಂದು ಚಪಾತಿ ಹಾಕಿದಳು.