ಮೀನಿನ ತಲೆ ಯಾವ ಕಡೆ

ಕಾಲುವೆಯ ಮಣ್ಣಿನ ದಂಡೆಗೆ ಕಾಂಕ್ರೀಟ್ ಹೊದಿಸುವ ಮುನ್ನ ಹಕ್ಕಿ ಲೆಕ್ಕದ ಮೇಡಂ ಮೂರು ದಿನ ಕೂತು ನೋಡಿ, ಗೂಡು ಖಾಲಿ ಎಂದು ಸಹಿ ಹಾಕಬೇಕು. ಅದು ನಿಯಮ. ದಂಡೆಯಲ್ಲಿದ್ದದ್ದು ಒಂದೇ ಬಿಲ, ಗುಬ್ಬಚ್ಚಿ ಗಾತ್ರದ ಮಿಂಚುಳ್ಳಿಯದು. ಸಹಿ ಬಿದ್ದರೆ ಎರಡು ದಿನದ ಕೆಲಸ; ಅದು ಮುಗಿಯದೆ ಯಾರಿಗೂ ರಜೆ ಇಲ್ಲ. ಹನ್ನೆರಡು ಆಳುಗಳು, ಅವರ ಉಸ್ತುವಾರಿ ನಾನು. ಐದು ವಾರದಿಂದ ಯಾರೂ ಮನೆ ಕಂಡಿರಲಿಲ್ಲ.

ಯಾರ ದನಿಯನ್ನಾದರೂ ಅಣಕಿಸುವ ಚಟ ನನ್ನದು. ಎರಡನೇ ದಿನ ಬೇಸರ ತಡೆಯದೆ ಒಂದು ತಪ್ಪು ಮಾಡಿದೆ. ಮಿಕ್ಸರ್ ಮರೆಯಲ್ಲಿ ಕೂತು, "ಚೀ... ಚೀಚೀ" ಎಂದು ಮಿಂಚುಳ್ಳಿಯಂತೆ ಸಿಳ್ಳೆ ಹಾಕಿದೆ. ಮೇಡಂ ಬರೆದುಕೊಂಡರು. ಮತ್ತೆ ಹಾಕಿದೆ, ಮತ್ತೆ ಬರೆದರು. ಐದನೇ ಸಲ ಆಳುಗಳು ನಕ್ಕುಬಿಟ್ಟರು.

"ಒಳ್ಳೇ ಗಂಟಲಪ್ಪಾ ನಿಂದು," ಎಂದರು ಮೇಡಂ. ಬೈಯುವಷ್ಟು ತ್ರಾಣ ಅವರಿಗೂ ಇರಲಿಲ್ಲ. ಹಕ್ಕಿಯದು ಯಾವುದು, ನನ್ನದು ಯಾವುದು ತಿಳಿಯದೆ, ಅದುವರೆಗೆ ಬರೆದ ಕೂಗುಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು.

ಮೂರನೇ ದಿನ ಸಂಜೆ, "ಮಿಂಚೂ ಇಲ್ಲ, ಉಳ್ಳಿಯೂ ಇಲ್ಲ. ಬಿಲದ ಬಾಯಲ್ಲಿ ಹಿಕ್ಕೆ ಸೋರಿಲ್ಲ, ನಾತ ಇಲ್ಲ. ಮರಿ ಇದ್ದಿದ್ರೆ ಇಷ್ಟು ಚೊಕ್ಕ ಇರ್ತಿರಲಿಲ್ಲ," ಎನ್ನುತ್ತ 'ಖಾಲಿ' ಎಂದು ಬರೆದರು. ಸಹಿಗೆ ಮುಂಚೆ ಬೆನ್ನು ತಿರುಗಿಸಿ ಸ್ಟೂಲು ಮಡಚತೊಡಗಿದರು.

ಆಗ ನೀರಿಗೆ ಒತ್ತಿಕೊಂಡೇ ಒಂದು ನೀಲಿ ಗೆರೆ ಬಂತು. ದಂಡೆಯಿಂದ ಚಾಚಿದ ಮರದ ಬೇರಿನ ಮೇಲೆ ಒಂದು ಕ್ಷಣ ಕೂತು ಬಿಲದೊಳಗೆ ಹೋಯಿತು. ನೋಡಿದ್ದು ನಾನೊಬ್ಬನೇ. ಸುಮ್ಮನಿದ್ದರೆ ನಾಡಿದ್ದು ಮನೆ.

"ಮೇಡಂ, ಹಕ್ಕಿ."

"ಸಾಕಪ್ಪಾ, ಸುಸ್ತಾಗಿದೆ."

"ಆಣೆಗೂ! ಬಾಯಲ್ಲಿ ಮೀನಿತ್ತು."

"ಮತ್ತೇನು, ಸಿಗರೇಟು ಇರುತ್ತಾ?"

"ಸಣ್ಣ ಮೀನು ಮೇಡಂ. ಉಲ್ಟಾ ಹಿಡ್ಕೊಂಡಿತ್ತು ಪಾಪ. ಬಾಲ ಒಳಗೆ, ತಲೆ ಹೊರಗೆ. ನುಂಗೋಕೂ ಬರಲ್ವೇನೋ ಅದಕ್ಕೆ."

ಸ್ಟೂಲು ಅರ್ಧಕ್ಕೇ ನಿಂತಿತು. "ಇದನ್ನ ನಿನಗೆ ಯಾರು ಹೇಳಿಕೊಟ್ರು?"

"ಯಾವುದನ್ನ?"

ಮೇಡಂ ನನ್ನ ಮುಖವನ್ನೇ ನೋಡಿದರು. "ತಾನು ತಿನ್ನೋದಾದ್ರೆ ತಲೆ ಗಂಟಲ ಕಡೆ ಇರುತ್ತೆ. ಮರಿ ಬಾಯಿಗೆ ಇಡೋದಾದ್ರೆ ಹೊರಗೆ. ತಲೆಯಿಂದ ನುಂಗದಿದ್ರೆ ಮುಳ್ಳು ಚುಚ್ಚುತ್ತಲ್ಲ."

ಇಬ್ಬರೂ ಕಾದೆವು. ಹಕ್ಕಿ ಬರಿಗೊಕ್ಕಿನಲ್ಲಿ ಹೊರಬಂದು, ನೀರಲ್ಲೊಂದು ಮುಳುಗು ಹಾಕಿ ಹೋಯಿತು.

"ಈಗಷ್ಟೇ ಮೊಟ್ಟೆಯೊಡೆದ ಹಸುಗೂಸುಗಳು. ಅದಕ್ಕೇ ಬಿಲ ಇನ್ನೂ ಗಲೀಜಾಗಿಲ್ಲ. ಹಾರೋಕೆ ಮೂರೂವರೆ ವಾರ ಬೇಕು."

"ಮೂರೂವರೆ!"

"ನನಗೂ ಮನೆ ಇದೆಯಪ್ಪಾ," ಎಂದು 'ಖಾಲಿ'ಗೆ ಗೀಟು ಎಳೆದು, ಸ್ಟೂಲು ಬಿಡಿಸಿ ಕೂತರು.

ಮೇಲೆ ಆಳುಗಳು ನಾಳೆಗೆಂದು ಮರಳು ಜರಡಿ ಹಿಡಿಯುತ್ತಿದ್ದರು. ಸುದ್ದಿ ಹೇಳಲು ದಂಡೆ ಹತ್ತಿದೆ. ಯಾರ ದನಿಯಲ್ಲಿ ಹೇಳಲಿ ಎಂದು ಹುಡುಕಿದರೆ, ನನ್ನದೇ ಒಣಗಿದ ದನಿ ಸಿಕ್ಕಿತು.